ಕ್ವಾರಿಗೆ ಬಂದ ಬೀಗ

ಅದು ಆಕಾಶದಿಂದ ಇಳಿದ ದಿನ ಹಾಲಗಡ್ಡಿಯ ಹೆಂಗಸರು ಒಂದು ತಪ್ಪು ಮಾಡಿದರು. ಬಂದವರು ಯಾರೆಂದು ನೋಡುವ ಮೊದಲೇ ಕಾಲಿಗೆ ನೀರು ಕೊಟ್ಟುಬಿಟ್ಟರು.

ಅವತ್ತು ಗಂಗಮಾಳವ್ವನ ಮಗಳ ಲಗ್ನ. ಗಂಡಿನ ಕಡೆಯವರು ಬರುವುದು ತಡವಾಗಿ, ಹಂದರದಲ್ಲಿ ಕೂತವರಿಗೆಲ್ಲ ಹೊಟ್ಟೆ ಚುರುಗುಟ್ಟುತ್ತಿತ್ತು. ಅಷ್ಟರಲ್ಲಿ ಊರ ಹಿಂದಿನ ಹಳೆಯ ಕಲ್ಲಿನ ಕ್ವಾರಿಯ ಕಡೆ ಢಂ ಎಂದು ಸದ್ದಾಯಿತು. ಬೀಗರು ಬಂದರು, ಗರ್ನಾಲು ಹಾರಿಸುತ್ತಿದ್ದಾರೆ ಎಂದುಕೊಂಡರು ಎಲ್ಲರೂ. ದಾರಿ ತಪ್ಪಿ ಆ ಕಡೆಯಿಂದ ಬರುತ್ತಿರಬೇಕೆಂದು ಗಂಗಮಾಳವ್ವ ತಂಬಿಗೆ ತುಂಬ ನೀರು ಹಿಡಿದು ಮುಂದೆ ನಡೆದಳು. ಹಿಂದೆ ಆರತಿ ತಟ್ಟೆ, ಅದರ ಹಿಂದೆ ಅವಳ ಜೊತೆಗಾತಿ ಹುಸೇನಬಿ, ಅವಳ ಹಿಂದೆ ಹಾಡುವ ಹೆಂಗಸರ ಹಿಂಡು. ಕ್ವಾರಿಯ ತುಂಬ ಧೂಳು ಎದ್ದಿತ್ತು. ಎದುರಿಗೆ ಏನೋ ದೊಡ್ಡದು ಕರ್ರಗೆ ನಿಂತಿತ್ತು. ಬೀಗರ ಟ್ರ್ಯಾಕ್ಟರ್ ಇರಬೇಕೆಂದು ಗಂಗಮಾಳವ್ವ ಕಣ್ಣು ಕಿರಿದು ಮಾಡಿಕೊಂಡು ಅದರ ಮುಂದೆ ನೀರು ಸುರಿದಳು.

ಧೂಳು ಇಳಿಯಿತು. ಮೇವಿನ ಬಣವೆಯಷ್ಟು ಎತ್ತರದ, ಎಲ್ಲೂ ಬೆಸುಗೆ ಕಾಣದ ಕರಿಯ ಗುಂಡು. ನೀರು ಬಿದ್ದಲ್ಲಿ ಹಬೆ ಏಳುತ್ತಿತ್ತು.

"ಯವ್ವಾ ಗಂಗವ್ವಾ, ಈ ಬೀಗಗ ಕಾಲ ಇಲ್ಲಲ್ಲ ಬೇ!" ಎಂದಳು ಹುಸೇನಬಿ.

ಆ ಗುಂಡು, ಹುಸೇನಬಿಯದೇ ಧ್ವನಿಯಲ್ಲಿ, "ಯವ್ವಾ ಗಂಗವ್ವಾ, ಈ ಬೀಗಗ ಕಾಲ ಇಲ್ಲಲ್ಲ ಬೇ!" ಎಂದಿತು. ಆರತಿ ತಟ್ಟೆ ಎಲ್ಲಿ ಬಿತ್ತೋ, ತಂಬಿಗೆ ಎಲ್ಲಿ ಉರುಳಿತೋ. ನಿಜವಾದ ಬೀಗರು ಬಂದಾಗ ಅವರನ್ನು ಎದುರುಗೊಳ್ಳುವುದಕ್ಕೆ ಹಂದರದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಆ ಸಿಟ್ಟು ಅವರಿಗೆ ಇನ್ನೂ ಇಳಿದಿಲ್ಲ.

ಆಮೇಲೆ ಸರಕಾರ ಬಂತು. ತಂತಿಬೇಲಿ ಬಂತು. ಕ್ವಾರಿಯ ದಂಡೆಯ ಮೇಲೆ ತಗಡಿನ ಕೋಣೆಗಳು ಎದ್ದು, ಅವುಗಳಲ್ಲಿ ಹಗಲೂ ಇರುಳೂ ದೀಪ ಉರಿಯತೊಡಗಿದವು. ಕಾಗದಪತ್ರಗಳಲ್ಲಿ ಆ ವಸ್ತುವಿನ ಹೆಸರು 'ಅತಿಥಿ' ಎಂದಾಯಿತು. ಹಾಲಗಡ್ಡಿಯಲ್ಲಿ ಮಾತ್ರ ಅದು ಬೀಗನೇ. ಕಾಲಿಗೆ ನೀರು ಕೊಟ್ಟ ಮೇಲೆ ಇನ್ನೊಂದು ಹೆಸರಿಂದ ಕರೆಯುವುದು ನಮ್ಮ ರೂಢಿಯಲ್ಲಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ಅದರ ಜೊತೆ ಮಾತಾಡಲು ಪ್ರಯತ್ನಿಸುತ್ತಿದ್ದವರು ತನುಜಾ ಎಂಬ ವಿಜ್ಞಾನಿ. ತುಮಕೂರು ಕಡೆಯವರು, ಗಂಗಮಾಳವ್ವನ ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಅವರು ಗುಂಡಿಗೆ ಅಂಕಿಗಳನ್ನು ಕಳಿಸಿದರು. ನಕ್ಷತ್ರಗಳ ನಕ್ಷೆಯನ್ನು ಅಲೆಗಳಾಗಿ ಮಾಡಿ ಕಳಿಸಿದರು. ವೀಣೆಯ ಸ್ವರ ಕಳಿಸಿದರು, ಮಗುವಿನ ಅಳು ಕಳಿಸಿದರು. ಕೊಟ್ಟದ್ದನ್ನೆಲ್ಲ ಅದು ಹಾಗೆಯೇ ತಿರುಗಿಸಿ ಕೊಟ್ಟಿತು. ಒಮ್ಮೆ ಅವರು ನಡುವೆ ಕೆಮ್ಮಿದ್ದರು. ಅದೂ ಕೆಮ್ಮಿತು.

"ಅದೊಂದು ಕನ್ನಡಿ, ಅಷ್ಟೇ," ಎಂದರು ಕ್ವಾರಿಯ ವಿಶೇಷಾಧಿಕಾರಿ ಮನೋಹರ ಸಾಹೇಬರು.

"ಕನ್ನಡಿ ಅಲ್ಲ ಸರ್. ಗೋಡೆಗೆ ಬಡಿದು ಬರುವ ಸದ್ದು ಸವೆದು ಬರುತ್ತೆ. ಇದು ಒಂದು ಚೂರೂ ಸವೆದಿಲ್ಲ. ಅಂದರೆ ಯಾರೋ ಕೇಳಿಸಿಕೊಂಡು, ಮೊದಲಿಂದ ಹೊಸದಾಗಿ ಹೇಳ್ತಿದ್ದಾರೆ."

"ಕೇಳಿಸಿಕೊಂಡವರು ಸ್ವಂತದ್ದು ಒಂದು ಮಾತಾದರೂ ಆಡಬೇಡವೇನ್ರೀ?"

ಸಂಜೆ ತನುಜಾ ಸೋತ ಮುಖ ಹೊತ್ತು ಬಂದು ಗಂಗಮಾಳವ್ವನ ಒಲೆಯ ಮುಂದೆ ಕೂತರೆ, ಅವಳು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು.

"ಬಾಯಾರ, ಇವತ್ತೇನಂದ ನಮ್ಮ ಬೀಗ?"

"ನಾವು ಅಂದದ್ದೇ ಅಂದ, ಅಮ್ಮ."

"ನಮ್ಮ ಅಳಿಯಾನೂ ಹಂಗ. ಊಟ ಆತೇನಪಾ ಅಂದ್ರ, ಊಟ ಆತೇನಬೇ ಅಂತಾನ. ಹುಡಿಗಿ ಹೆಂಗ ಬಾಳೇ ಮಾಡತೈತೋ."

ನಗು ಮುಗಿದ ಮೇಲೆ ಇಬ್ಬರ ಕಣ್ಣುಗಳೂ ಗೋಡೆಯ ಕಡೆ ತಿರುಗುತ್ತಿದ್ದವು. ಅಲ್ಲಿ ಆಗಲೇ, ಖಾಲಿ ಮಾಡಿಸುವ ಮನೆಯೆಂದು, ಕೆಂಪು ಬಣ್ಣದಲ್ಲಿ ಗುರುತು ಬಿದ್ದಿತ್ತು. ಗುಂಡು ಅಪಾಯಕಾರಿ ಅಲ್ಲವೆಂದು ಖಾತ್ರಿಯಾದ ಮೇಲೆ ಸರಕಾರಕ್ಕೆ ಹೊಸ ಯೋಚನೆ ಬಂದಿತ್ತು: ಕ್ವಾರಿಯ ಸುತ್ತ ಪ್ರಪಂಚದ ಜನ ಬಂದು ನೋಡುವಂಥ ತಾಣ ಮಾಡುವುದು, ಹಾಲಗಡ್ಡಿಯವರನ್ನು ದೂರದ ಹೆದ್ದಾರಿ ಪಕ್ಕದ ಕಾಲನಿಗೆ ಕಳಿಸುವುದು. ಬಾವಿ ಓಣಿಯವರು ಆಗಲೇ ಹೋಗಿದ್ದರು. ಉಳಿದವರು, ತಾಣದ ಉದ್ಘಾಟನೆಗೆಂದು ಊರಲ್ಲೇ ನಡೆಯಲಿದ್ದ ಕಲಾಪ್ರದರ್ಶನ ಮುಗಿಯುತ್ತಲೇ ಹೋಗಬೇಕೆಂದು ಆದೇಶ. ಗಂಗಮಾಳವ್ವನ ಮನೆ ಗಂಡ ಹೆಂಡತಿ ಇಬ್ಬರೂ ಅದೇ ಕ್ವಾರಿಯಲ್ಲಿ ಕಲ್ಲು ಒಡೆದು, ತಲೆಯ ಮೇಲೆ ಹೊತ್ತು ತಂದು ಕಟ್ಟಿದ್ದು. ಗಂಡ ಕಲ್ಲಿನ ಧೂಳು ಕುಡಿದು ಸತ್ತ. ಅವನ ಕೈ ಮುಟ್ಟಿದ ಕಲ್ಲುಗಳನ್ನು ಬಿಟ್ಟು ಅವಳು ಎಲ್ಲಿಗೆ ಹೋಗಬೇಕು?

"ಕಾಲನ್ಯಾಗ ನಳ ಐತೆಂತ, ಸಿಮೆಂಟಿನ ಗ್ವಾಡಿ ಐತೆಂತ," ಎನ್ನುತ್ತಿದ್ದಳು. "ಇರಲಿ. ಹೋಗಾವ್ರು ಹೋಗಲಿ. ನಾ ಹೋಗಂಗಿಲ್ಲ."

"ನಾನು ಏನಾದರೂ ಮಾಡೋಕಾಗಿದ್ದರೆ..." ಎಂದು ತನುಜಾ ತಲೆ ತಗ್ಗಿಸುತ್ತಿದ್ದರು.

"ನೀವು ಉಣ್ರಿ ಮೊದಲ. ರೊಟ್ಟಿ ಆರತೈತಿ."

ಪ್ರದರ್ಶನದ ಹೆಸರು 'ಅನ್ಯಲೋಕ'. ನಗರದಿಂದ ಕಲಾವಿದರ ತಂಡ ಬಂತು, ಇರಾವತಿ ಎಂಬಾಕೆ ಅವರಿಗೆಲ್ಲ ಮುಖ್ಯಸ್ಥೆ. ಖಾಲಿಯಾದ ಬಾವಿ ಓಣಿಯ ಮನೆಗಳೇ ಅವರಿಗೆ ಚಿತ್ರಶಾಲೆಗಳಾದವು. ಒಂದು ಮನೆಯ ತೊಟ್ಟಿಲಲ್ಲಿ ಮೂರು ಕಣ್ಣಿನ ಗಾಜಿನ ಕೂಸು. ಇನ್ನೊಂದರಲ್ಲಿ ನಾವು ಉಸಿರುಬಿಟ್ಟ ಕಡೆಗೆ ಬಾಗುವ ಸಾವಿರಾರು ಬೆಳ್ಳಿಯ ಎಳೆಗಳು. ಚೆಂದ ಇರಲಿಲ್ಲ ಎಂದರೆ ಸುಳ್ಳಾದೀತು. ಮಾಳಿಗೆಗಳ ಮೇಲೆ ಮೈತುಂಬ ನೀಲಿ ಬಳಿದುಕೊಂಡ ಹುಡುಗ ಹುಡುಗಿಯರು ನಿಧಾನಕ್ಕೆ ಕೈಕಾಲು ಆಡಿಸುತ್ತ, ಬೇರೆ ಲೋಕದವರು ಮೊದಲ ಬಾರಿ ಭೂಮಿಯ ಗಾಳಿ ಮುಟ್ಟುವುದನ್ನು ಅಭಿನಯಿಸಿದರು.

ಹುಸೇನಬಿ ಕತ್ತು ಎತ್ತಿ ನೋಡಿ, "ಪಾಪ, ಥಂಡಿ ಹತ್ತೀತು. ಯಾರರ ಒಂದೊಂದು ಚಾದರ ಕೊಡ್ರೆವ್ವಾ," ಎಂದಳು.

ಕೊನೆಯ ದಿನ ಕಾಲನಿಯಿಂದ ನೀಲವ್ವ ಬಂದಳು. ಬಾವಿ ಓಣಿಯ ಮೂರನೆಯ ಮನೆ ಅವಳದು. ಎಲ್ಲರ ಜೊತೆ ಸಾಲಿನಲ್ಲಿ ನಿಂತು ತನ್ನ ಮನೆಯ ಒಳಗೆ ಹೋದಳು. ಅಡುಗೆ ಕೋಣೆಗೆ ಹಗ್ಗ ಕಟ್ಟಿದ್ದರು. ಅವಳ ಒಲೆ, ಒರಳು, ಗೋಡೆಯ ಗೂಡು ಎಲ್ಲಕ್ಕೂ ಬೆಳ್ಳಿಯ ಬಣ್ಣ ಬಳಿದಿದ್ದರು. ಪಕ್ಕದಲ್ಲಿ ಫಲಕ: 'ಅಪರಿಚಿತ ಜೀವಿಗಳ ಆಹಾರ ತಯಾರಿಕಾ ಕೋಣೆ'. ಓದು ಬಾರದ ನೀಲವ್ವ, ಹಿಂದಿದ್ದವರನ್ನು ಕೇಳಿ ಓದಿಸಿಕೊಂಡಳು. ಹಗ್ಗದ ಕೆಳಗೆ ನುಸುಳಿ ಒಳಗೆ ಹೋದಳು. ಸೆರಗಿನಿಂದ ಒಲೆ ಒರೆಸಿದಳು, ಮೂಲೆಯಲ್ಲಿ ಅಲಂಕಾರಕ್ಕೆಂದು ಜೋಡಿಸಿದ್ದ ಕಟ್ಟಿಗೆ ತುರುಕಿ ಬೆಂಕಿ ಹೊತ್ತಿಸಿದಳು.

ನೋಡುವವರು ಇದೂ ಪ್ರದರ್ಶನದ ಭಾಗವೆಂದು ಚಪ್ಪಾಳೆ ತಟ್ಟಿದರು. ಹೊಗೆ ಕಂಡು ಕಾವಲುಗಾರರು ಓಡಿ ಬಂದರು. ಇರಾವತಿಯೂ ಬಂದರು.

"ಅಮ್ಮ, ದಯವಿಟ್ಟು. ಇದು ನಿಮಗೆ ಅವಮಾನ ಮಾಡೋಕೆ ಮಾಡಿದ್ದಲ್ಲ. ಇಲ್ಲಿ ಅನ್ಯರು ಯಾರು, ಅನ್ನೋ ಪ್ರಶ್ನೆ ನೋಡುವವರ ಮನಸ್ಸಿನಲ್ಲಿ ಹುಟ್ಟಬೇಕು ಅಂತ..."

"ಹುಟ್ಟಲೆವ್ವಾ, ಹುಟ್ಟಲಿ," ಎಂದಳು ನೀಲವ್ವ. "ನಾ ಇಲ್ಲೇ ಕುಂದರತೇನಿ. ಪ್ರಶ್ನಿ ಹುಟ್ಟಿದಾವ್ರು ನನ್ನ ಕೇಳಲಿ."

ಕಾವಲುಗಾರರು ಅವಳ ರಟ್ಟೆ ಹಿಡಿದು, ಅಷ್ಟು ಜನರ ನಡುವೆ ಹೊರಗೆ ಕರೆದೊಯ್ದರು. ಸೀರೆಯ ತುಂಬ ಬೆಳ್ಳಿಯ ಬಣ್ಣ ಅಂಟಿತ್ತು. ಇರಾವತಿ ಆ ಕೋಣೆಯ ಹಗ್ಗ ಹಿಡಿದು ಬಹಳ ಹೊತ್ತು ನಿಂತಿದ್ದರು. ಗಂಗಮಾಳವ್ವ ಓಣಿಯ ತುದಿಯಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಅಂದಿನ ಸಂಜೆಯ ಕಾರ್ಯಕ್ರಮದಲ್ಲಿ ಸ್ವಾಗತದ ಹಾಡು ಹಾಡಬೇಕೆಂದು ಊರ ಹೆಂಗಸರಿಗೆ ಮೊದಲೇ ಹೇಳಿದ್ದರು. ಹುಸೇನಬಿಯ ಕಡೆ ತಿರುಗಿ, "ಸಂಜೀಕ ಸ್ವಾಗತದ ಹಾಡ ಹಾಡೂದಿಲ್ಲ," ಎಂದಳು.

"ಮತ್ತೇನ ಹಾಡೂದು?"

"ಬೀಗಗ ಏನ ಹಾಡಬೇಕೋ ಅದು."

ಹುಸೇನಬಿಯ ಮುಖ ಅರಳಿತು.

ಸಂಜೆಯ ಕಾರ್ಯಕ್ರಮ ಕ್ವಾರಿಯ ದಂಡೆಯಲ್ಲಿ. ಇರಾವತಿಯವರ ಕಲ್ಪನೆಯಂತೆ, ವೇದಿಕೆಯ ಮೈಕುಗಳ ತಂತಿಯನ್ನು ನಿಯಂತ್ರಣ ಕೊಠಡಿಯ ಯಂತ್ರಕ್ಕೆ ಜೋಡಿಸಿದ್ದರು. ಇಲ್ಲಿ ಹಾಡಿದ್ದು, ನುಡಿಸಿದ್ದು ಎಲ್ಲ ನೇರ ಗುಂಡಿಗೆ ಹೋಗುತ್ತಿತ್ತು. ನಗರದ ವಾದ್ಯದವರು ನುಡಿಸಿದರು, ಅದು ತಿರುಗಿ ನುಡಿಸಿತು. ಕವಿತೆ ಓದಿದರು, ಅದು ತಿರುಗಿ ಓದಿತು. ಜನ ಬೆರಗಾಗಿ ಕೈ ತಟ್ಟಿದರು, ಅದೂ ಕೈ ತಟ್ಟಿತು. ಮುಂದಿನ ಸಾಲಿನಲ್ಲಿ ಮಂತ್ರಿಗಳು, ಹೊರದೇಶದ ಅತಿಥಿಗಳು, ಕ್ಯಾಮೆರಾದವರು. ಅವರ ಮಧ್ಯೆ ಮನೋಹರ ಸಾಹೇಬರು ಹೊಸ ಕೋಟು ಹಾಕಿಕೊಂಡು ಕೂತಿದ್ದರು.

ಹಾಲಗಡ್ಡಿಯ ಹೆಂಗಸರ ಸರದಿ ಬಂತು. ಗಂಗಮಾಳವ್ವ ಮೈಕಿನ ಮುಂದೆ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಮ್ಮ ಕಡೆಯ ಲಗ್ನಗಳಲ್ಲಿ ಊಟಕ್ಕೆ ಕೂತ ಬೀಗರನ್ನು ಹೆಂಗಸರು ಹಾಡಿನಲ್ಲೇ ಬೈಯುತ್ತಾರೆ. ಮೂಗು, ಮೀಸೆ, ಜಿಪುಣತನ, ಯಾವುದನ್ನೂ ಬಿಡುವುದಿಲ್ಲ. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ಅವರ ಕಡೆಯ ಹೆಂಗಸರು ಹಾಡಿನಲ್ಲೇ ತಿರುಗಿ ಕೊಡಬೇಕು. ಬೈಸಿಕೊಳ್ಳದ ಬೀಗ ಬೀಗನೇ ಅಲ್ಲ.

ಗಂಗಮಾಳವ್ವ ಎತ್ತಿದಳು:

"ಕರೀಲಾರ್ದ ಬಂದ ಬೀಗ, ಕಾಲಿಲ್ಲದ ನಿಂತ ಬೀಗ,
ನಾವಂದದ್ದ ತಾನಂದು ನಮ್ಮ ಓಣಿ ನುಂಗಿದ ಬೀಗ,
ನಿಮ್ಮೂರಾಗ ನಿನಗ ಮಾತ ಕಲಿಸವರು..."

ಅಷ್ಟರಲ್ಲಿ ಮನೋಹರ ಸಾಹೇಬರು ಎದ್ದು ನಿಂತು ಕೈ ಬೀಸಿದರು. ಮೈಕು ಸತ್ತಿತು. 'ಯಾರಿಲ್ಲೇನ' ಎಂಬ ಕೊನೆಯ ತುಂಡು ಗಂಗಮಾಳವ್ವನ ಬಾಯಲ್ಲೇ ಉಳಿಯಿತು. "ಅತಿಥಿಗೆ ಬೈಗುಳವೇ? ಪ್ರಪಂಚ ನೋಡ್ತಿದೆ! ಯಾರು ಬಿಟ್ಟಿದ್ದು ಇವರನ್ನ?" ಎಂದು ಸಾಹೇಬರು ಅಬ್ಬರಿಸಿದರು.

ಅವರ ಮಾತು ಮುಗಿಯುವ ಮೊದಲೇ ಕ್ವಾರಿಯ ಕೆಳಗಿನಿಂದ ಗಂಗಮಾಳವ್ವನ ಧ್ವನಿ ಎದ್ದು ಬಂತು. ಎಂದಿನಂತೆ ಎಲ್ಲವನ್ನೂ ಹೇಳಿಕೊಂಡು ಬಂದು 'ಕಲಿಸವರು' ಎಂಬಲ್ಲಿಗೆ ಮುಟ್ಟಿತು. ನಿಲ್ಲಲಿಲ್ಲ. ಅಲ್ಲಿಂದ ಮುಂದೆ, ಯಾರದೂ ಅಲ್ಲದ ಧ್ವನಿಯೊಂದು, ಕಲ್ಲಿನ ಪೊಟರೆಯಲ್ಲಿ ಗಾಳಿ ಹೊಕ್ಕಂತೆ, ಆ ಸಾಲನ್ನು ಪೂರ್ತಿ ಮಾಡಿತು. ಮಾತಿರಲಿಲ್ಲ, ಬರೀ ಧಾಟಿ. ಸಾಲು ಮುಗಿದ ಮೇಲೆ ಅದೇ ಧ್ವನಿ ತನ್ನದೊಂದು ಹೊಸ ಸಾಲು ಎತ್ತಿತು. ಕೆಳಗಿನಿಂದ ಮೇಲಕ್ಕೆ ಹತ್ತುತ್ತ ಹತ್ತುತ್ತ, ತುದಿಯಲ್ಲಿ ಒಂಚೂರು ಕುಲುಕಾಡಿ, ಎತ್ತಿದ ಕಾಲು ನೆಲಕ್ಕೆ ಊರದ ಹಾಗೆ ಅರ್ಧಕ್ಕೇ ನಿಂತುಬಿಟ್ಟಿತು.

ಕ್ಯಾಮೆರಾದವರೆಲ್ಲ ವೇದಿಕೆ ಬಿಟ್ಟು ಕ್ವಾರಿಯ ಕಡೆ ತಿರುಗಿದರು.

"ಬೈದ್ನಲ್ಲ ಬೇ!" ಎಂದು ಹುಸೇನಬಿ ಕಿರುಚಿದಳು. "ಗಂಗವ್ವಾ, ತಿರುಗಿ ಬೈದ ನಮಗ!"

ನಿಯಂತ್ರಣ ಕೊಠಡಿಯಲ್ಲಿ ತನುಜಾ ಪರದೆಯ ಮುಂದೆ ಅಳುತ್ತ ನಗುತ್ತ ನಿಂತಿದ್ದರು. ಸಾಹೇಬರು ಏದುಸಿರು ಬಿಡುತ್ತ ಒಳಗೆ ನುಗ್ಗಿದರು.

"ಏನ್ರೀ ಇದು? ಏನಾಯ್ತು?"

"ಮಾತಾಡಿತು ಸರ್. ಇಷ್ಟು ದಿನ ನಾವು ಕಳಿಸಿದ್ದೆಲ್ಲ ಪೂರ್ತಿ. ಪೂರ್ತಿ ಅಂಕಿ, ಪೂರ್ತಿ ಹಾಡು. ಅದು ಸೇರಿಸೋದಕ್ಕೆ ನಾವು ಜಾಗವನ್ನೇ ಬಿಟ್ಟಿರಲಿಲ್ಲ. ಮೊದಲ ಸಲ ಅರ್ಧ ಮಾತು ಹೋಯಿತು. ನೀವು ಮೈಕು ಆರಿಸಿದ್ದರಿಂದ."

ಸಾಹೇಬರು ಕೋಟು ಸರಿಮಾಡಿಕೊಂಡರು. "ಅಂದರೆ ಸಂಪರ್ಕ ಸಾಧಿಸಿದ್ದು ನಾನೇ ಅನ್ನಿ."

"ಬೇಕಾದರೆ ಹಾಗೇ ಅನ್ನಿ ಸರ್. ಈಗ ಅದೂ ನಮಗೆ ಅರ್ಧ ಸಾಲು ಬಿಟ್ಟಿದೆ. ಕಾಯ್ತಿದೆ ನೋಡಿ." ಪರದೆಯ ಮೇಲೆ ಒಂದು ಗೆರೆ ನಡುಗುತ್ತಿತ್ತು. ಗುಂಡು ಬಂದಾಗಿನಿಂದ ಆ ಗೆರೆ ಒಮ್ಮೆಯೂ ನಡುಗಿರಲಿಲ್ಲ.

ಸಾಹೇಬರು ಹೊರಗೆ ಬಂದು ಎರಡು ಅಪ್ಪಣೆ ಕೊಟ್ಟರು. ಒಂದು, ಹೆಂಗಸರು ಹಾಡು ಮುಂದುವರಿಸಬೇಕು. ಎರಡು, ವಸ್ತುವಿಗೆ ಜೀವವಿದೆ ಎಂದು ತಿಳಿದಿರುವುದರಿಂದ ಭದ್ರತೆಗಾಗಿ ಊರನ್ನು ತಕ್ಷಣ ಖಾಲಿ ಮಾಡಿಸಬೇಕು. ಬೆಳಗಾಗುವುದರೊಳಗೆ ಲಾರಿಗಳು ಬರುತ್ತವೆ.

ಗಂಗಮಾಳವ್ವ ಎರಡನ್ನೂ ಕೇಳಿದಳು. ಸಿಕ್ಕಿಸಿದ್ದ ಸೆರಗು ಬಿಚ್ಚಿ ಹೊದ್ದುಕೊಂಡು, ವೇದಿಕೆಯ ಮೇಲೇ ಕಾಲು ಮಡಚಿ ಕೂತಳು. ಹುಸೇನಬಿ ಕೂತಳು. ಹೆಂಗಸರೆಲ್ಲ ಕೂತರು. ಜನರ ನಡುವಿನಿಂದ ನೀಲವ್ವ ದಾರಿ ಮಾಡಿಕೊಂಡು ಬಂದು, ಬೆಳ್ಳಿ ಬಣ್ಣದ ಸೀರೆಯಲ್ಲೇ ಅವರ ಪಕ್ಕ ಕೂತಳು.

"ಯಾಕಮ್ಮ ಕೂತಿರಿ? ಹಾಡಿ!" ಎಂದರು ಸಾಹೇಬರು.

"ಸರದಿ ನಮ್ಮದೈತ್ರಿ ಸಾಹೇಬ್ರ."

"ಅದಕ್ಕೇ ಹೇಳಿದ್ದು, ಹಾಡಿ ಅಂತ."

"ಸರದಿ ಯಾರದಿರತೈತೋ ಅವ್ರು ಬೇಕಾದಾಗ ಹಾಡತಾರ. ಅಲ್ಲೀತನ ಯಾರೂ ಏಳಂಗಿಲ್ಲ. ಬೀಗರೂ ಏಳಂಗಿಲ್ಲ, ನಾವೂ ಏಳಂಗಿಲ್ಲ. ನಮ್ಮ ಹುಸೇನಬಿ ಅಣ್ಣನ ಮಗಳ ಲಗ್ನದಾಗ ಅನ್ನ ಎಲ್ಲ ತಣ್ಣಗಾಗಿ ಗಟ್ಟಿ ಆತು, ಆದ್ರ ಒಬ್ಬರೂ ಏಳಲಿಲ್ಲ."

"ನಮ್ಮವ್ವ ಬೇಕಂತನ ತಡಾ ಮಾಡಿದ್ಳು," ಎಂದಳು ಹುಸೇನಬಿ ಹೆಮ್ಮೆಯಿಂದ. "ವರಗ ಭಾಳ ಸೊಕ್ಕಿತ್ರಿ."

"ಊರ ಖಾಲಿ ಮಾಡಬೇಕನ್ನೂ ಆದೇಶ ರದ್ದ ಮಾಡ್ರಿ. ಹಾಡತೇವಿ," ಎಂದಳು ಗಂಗಮಾಳವ್ವ.

ಸಾಹೇಬರು ನಕ್ಕರು. ಹಾಡುವವರಿಗೇನು ಬರವೇ? ನಗರದ ಗಾಯಕರನ್ನು ಕರೆಸಿ ಮೈಕಿನ ಮುಂದೆ ನಿಲ್ಲಿಸಿದರು. ಅವರು ಅರ್ಧಕ್ಕೆ ನಿಂತ ಸಾಲನ್ನು ಬಹಳ ಸೊಗಸಾಗಿ ಮುಗಿಸಿದರು. ಗುಂಡು ಅವರು ಹಾಡಿದ್ದನ್ನು ಹಾಗೆಯೇ ತಿರುಗಿಸಿ ಕೊಟ್ಟು, ತನ್ನ ಅರ್ಧ ಸಾಲನ್ನು ಮತ್ತೆ ಎತ್ತಿ, ಮತ್ತೆ ನಿಲ್ಲಿಸಿತು. ಗಣಕಯಂತ್ರದಿಂದ ಗಂಗಮಾಳವ್ವನದೇ ಧ್ವನಿ ತಯಾರಿಸಿ ಹಾಡಿಸಿದರು. ಕೇಳಿದರೆ ಅವಳ ಮಗಳೂ ಮೋಸ ಹೋಗಬೇಕು, ಹಾಗಿತ್ತು. ಸಾಲನ್ನು ಅರ್ಧಕ್ಕೆ ಬಿಟ್ಟೂ ನೋಡಿದರು. ಗುಂಡು ಅದನ್ನೂ ಹಾಗೆಯೇ ತಿರುಗಿಸಿ, ಮತ್ತೆ ತನ್ನ ಅರ್ಧ ಸಾಲು ಎತ್ತಿತು. ಅದು ಯಾಕೆ ಒಪ್ಪಲಿಲ್ಲ ಎಂಬುದರ ಬಗ್ಗೆ ಈವತ್ತಿಗೂ ವಿಜ್ಞಾನಿಗಳಲ್ಲಿ ವಾದ ನಡೆದಿದೆ. ಮಾತು ಶುರುಮಾಡಿದವರನ್ನು ಅದು ಗುರುತಿಟ್ಟುಕೊಳ್ಳುತ್ತದೆ ಎಂದು ತನುಜಾ ಬರೆದಿದ್ದಾರೆ, ಹೇಗೆ ಎಂಬುದು ಅವರಿಗೂ ಗೊತ್ತಿಲ್ಲ. ಹುಸೇನಬಿಗೆ ಮಾತ್ರ ಅನುಮಾನವೇ ಇರಲಿಲ್ಲ. "ಬೀಗಗ ಬೀಗತಿ ಗುರ್ತ ಸಿಗಂಗಿಲ್ಲೇನು?"

ಬೆಳಿಗ್ಗೆ ಲಾರಿಗಳು ಬಂದವು. ಮಹಿಳಾ ಪೊಲೀಸರೂ ಬಂದರು. ವೇದಿಕೆಯ ಮೆಟ್ಟಿಲ ಮೇಲೆ ತನುಜಾ ಅಡ್ಡ ನಿಂತರು.

"ಇವರನ್ನು ಎಬ್ಬಿಸಿದರೆ ಅದು ಮತ್ತೆ ಮಾತಾಡುತ್ತೆ ಅಂತ ನಾನು ಬರೆದುಕೊಡೋದಿಲ್ಲ ಸರ್. ಸುಮ್ಮನಾಗಿಸಿದವರು ಯಾರು ಅಂತ ಪ್ರಪಂಚ ಕೇಳಿದರೆ, ನಿಮ್ಮ ಹೆಸರು ಹೇಳ್ತೀನಿ."

"ನಿಮ್ಮ ಕೆಲಸ ಹೋಗುತ್ತೆ, ತನುಜಾ."

"ಹೋಗಲಿ. ಅಮ್ಮನ ಮನೇಲಿ ರೊಟ್ಟಿ ಬಡಿಯೋದು ಕಲೀತೀನಿ."

"ಮೊದಲ ಹಿಟ್ಟ ನಾದೂದು ಕಲೀರಿ ಬಾಯಾರ," ಎಂದು ಹಿಂದಿನಿಂದ ಗಂಗಮಾಳವ್ವನ ಧ್ವನಿ ಬಂತು. ಮಹಿಳಾ ಪೊಲೀಸರಲ್ಲಿ ಒಬ್ಬಳು ನಗು ತಡೆಯಲಾರದೆ ಮುಖ ತಿರುಗಿಸಿದಳು.

ಆ ಹೊತ್ತಿಗೆ ಇಡೀ ಭೂಮಿಗೆ ಸುದ್ದಿ ಮುಟ್ಟಿತ್ತು. ಎಲ್ಲ ದೇಶಗಳ ಪರದೆಗಳಲ್ಲೂ ಅದೇ ನೋಟ: ಕೆಳಗೆ ಕರಿಯ ಗುಂಡು, ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತ ಹೆಂಗಸರು. ಇರಾವತಿ ಬಾವಿ ಓಣಿಯ ದೀಪಗಳನ್ನೆಲ್ಲ ಆರಿಸಿ, ಪ್ರದರ್ಶನದ ಜಮಖಾನೆಗಳನ್ನು ಹೊತ್ತು ತಂದು ಇವರಿಗೆ ಹಾಸಿಕೊಟ್ಟರು. ಮೈಯ ನೀಲಿ ಇನ್ನೂ ಹೋಗದ ಹುಡುಗಿಯರು ನೀರು ತಂದುಕೊಟ್ಟರು. ಕಾಲನಿಯಿಂದ ಟ್ರ್ಯಾಕ್ಟರುಗಳಲ್ಲಿ ಬಾವಿ ಓಣಿಯ ಮಂದಿ ಇಳಿದರು. ಅವರೂ ಕೂತರು.

ಮಧ್ಯಾಹ್ನ ರಾಜಧಾನಿಯಿಂದ ಕಾಗದ ಬಂತು. ತನುಜಾ ಗಟ್ಟಿಯಾಗಿ ಓದಿದರು: ಹಾಲಗಡ್ಡಿ ಗ್ರಾಮದ ಸ್ಥಳಾಂತರವನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ.

ಕೆಲವರು ಚಪ್ಪಾಳೆ ತಟ್ಟಿದರು. ಗಂಗಮಾಳವ್ವ ಕೈ ಎತ್ತಿ ನಿಲ್ಲಿಸಿದಳು.

"ತಡಿಯೂದಂದ್ರ ಏನ್ರಿ ಬಾಯಾರ?"

"ಈಗ ಬೇಡ, ಆಮೇಲೆ ನೋಡೋಣ ಅಂತ ಅರ್ಥ, ಅಮ್ಮ."

"ಹಂಗಾರ ನಮ್ಮ ಹಾಡೂ ಈಗ ಬ್ಯಾಡ. ಆಮ್ಯಾಲೆ ನೋಡೂಣು."

ಸಾಹೇಬರು ಅದುವರೆಗೆ ನಿಂತೇ ಮಾತಾಡಿದವರು, ಈಗ ಜಮಖಾನೆಯ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತರು. ಹೊಸ ಕೋಟಿನ ತುಂಬ ಕ್ವಾರಿಯ ಧೂಳು. ಧ್ವನಿ ಇಳಿದಿತ್ತು.

"ನೋಡಿ ತಾಯಿ, ಇಷ್ಟಾದರೂ ಬಂತಲ್ಲ. ಅರ್ಧ ದಾರಿ ಸರಕಾರ ಬಂದಿದೆ. ಇನ್ನರ್ಧ ನೀವು ಬನ್ನಿ."

"ಅರ್ಧ ಮಾತು ಬೀಗರ ಕೂಡ ಆಡೂದ್ರಿ ಸಾಹೇಬ್ರ. ಅದು ಚೆಂದ," ಎಂದಳು ಗಂಗಮಾಳವ್ವ. "ಸರಕಾರದ ಕೂಡ ನಮಗ ಪೂರಾ ಮಾತ ಬೇಕು. ರದ್ದು ಅಂತ ಬರೀಲಿ."

"ಅವರು ಅಷ್ಟು ಬೇಗ ಬರೆಯೋದಿಲ್ಲ."

"ನಮಗೂ ಅವಸರಿಲ್ಲ."

ಕ್ವಾರಿಯ ಕೆಳಗಿನಿಂದ ಆ ಅರ್ಧ ಸಾಲು ಇನ್ನೊಮ್ಮೆ ಎದ್ದು, ತುದಿಗೆ ಹತ್ತಿ, ಕುಲುಕಾಡಿ, ನಿಂತಿತು. ಸಾಹೇಬರು ಬೆವರು ಒರೆಸಿಕೊಂಡರು.

"ಅಷ್ಟರೊಳಗೆ ಅದೇ ಬೇಸತ್ತು ಎದ್ದು ಹೋದರೆ? ಆಗೇನು ಮಾಡ್ತೀರಿ?"

"ಉತ್ತರ ಕೇಳದ ಬೀಗ ಏಳಂಗಿಲ್ರಿ," ಎಂದಳು ಗಂಗಮಾಳವ್ವ. "ಎದ್ದರ ಏಳಲಿ. ನಾವು ಏಳಂಗಿಲ್ಲ."

ಸಾಹೇಬರು ಮೊಣಕಾಲಿಗೆ ಕೈಯೂರಿ ಎದ್ದು, ರಾಜಧಾನಿಗೆ ಫೋನು ಮಾಡಲು ತಗಡಿನ ಕೋಣೆಯ ಕಡೆ ನಡೆದರು. ಹುಸೇನಬಿ ಇನ್ನೊಂದು ಎಲೆ ತೆಗೆದು, ತೊಡೆಗೆ ಒರೆಸಿ, ಸುಣ್ಣ ಹಚ್ಚತೊಡಗಿದಳು.